‘ಪಾಶ್’ ಪದ ಎಲ್ಲಿಂದ ಬಂತು? ಇಂಗ್ಲಿಷ್ ಮೇಷ್ಟ್ರಿಗೆ ಪ್ರಶ್ನೆ

ತುಂಗಾತೀರ: ಸರ್, ಫಾರ್ವರ್ಡ್ ಬಂದಿದೆ. ಬ್ರಿಟಿಷರು ಹಡಗಲ್ಲಿ ಇಂಡಿಯಾಕ್ಕೆ ಬರುವಾಗ ಎಡಗಡೆ ಕೋಣೆ, ಊರಿಗೆ ಹೋಗುವಾಗ ಬಲಗಡೆ ಕೋಣೆ. ಅಲ್ಲಿ ಬಿಸಿಲು ಕಮ್ಮಿ, ದುಡ್ಡು ಜಾಸ್ತಿ. ಹಡಗಿನ ಮಾತಲ್ಲಿ ಎಡ ಅಂದ್ರೆ ಪೋರ್ಟ್, ಬಲ ಅಂದ್ರೆ ಸ್ಟಾರ್‌ಬೋರ್ಡ್. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’, ಇಂಗ್ಲಿಷಿನ ಮೊದಲಕ್ಷರ ಸೇರಿಸಿದ್ರೆ ಪಾಶ್. ನಿಜವಾ?

ಮೇಷ್ಟ್ರು: ಕಟ್ಟುಕಥೆ. ಪಿ ಆಂಡ್ ಓ ಅನ್ನೋ ಬ್ರಿಟಿಷ್ ಹಡಗು ಕಂಪನಿ ಟಿಕೆಟ್ ಮೇಲೆ ಆ ನಾಲ್ಕಕ್ಷರ ಒತ್ತುತ್ತಿತ್ತು ಅಂತಾರೆ. ಅಂಥ ಒಂದು ಟಿಕೆಟ್ಟೂ ಸಿಕ್ಕಿಲ್ಲ. ಪದ 1918ರಲ್ಲೇ ‘ಪಂಚ್’ ಅನ್ನೋ ಬ್ರಿಟಿಷ್ ಹಾಸ್ಯ ಪತ್ರಿಕೆಯಲ್ಲಿದೆ, ಹಡಗಿನ ಕಥೆ ಅಚ್ಚಾಗಿದ್ದು 1935ರಲ್ಲಿ. ಮಗು ಹುಟ್ಟಿ ಹದಿನೇಳು ವರ್ಷಕ್ಕೆ ಜಾತಕ ಬರೆದ ಹಾಗೆ. ಮೊದಲಕ್ಷರ ಜೋಡಿಸಿ ಪದ ಮಾಡೋ ಚಟ ಇಂಗ್ಲಿಷಿಗೆ ಹತ್ತಿದ್ದೇ ಇಪ್ಪತ್ತನೇ ಶತಮಾನದಲ್ಲಿ.

ನನಗೆ ರುಚಿಸೋದು ಬೇರೆ ಎಳೆ. ಲಂಡನ್ನಿನ ಹಳೇ ಬೀದಿಮಾತಲ್ಲಿ ‘ಪಾಶ್’ ಅಂದ್ರೆ ಚಿಲ್ಲರೆ ಕಾಸು, ಅರ್ಧ ಪೆನ್ನಿ. ಯುರೋಪಿನಲ್ಲಿ ಅಲೆಮಾರಿಗಳಾಗಿದ್ದ ರೋಮಾನಿ ಜನರ ಭಾಷೆಯಲ್ಲಿ ‘ಪಾಶ್’ ಅಂದ್ರೆ ಅರ್ಧ. 1890ರ ಸುಮಾರಿನ ಒಂದು ಬೀದಿಮಾತಿನ ನಿಘಂಟಲ್ಲಿ ದುಡ್ಡು ಅನ್ನೋ ಅರ್ಥವೂ ಇದೆ, ಶೋಕಿಲಾಲ ಅನ್ನೋ ಅರ್ಥವೂ ಇದೆ. ಕಾಸಿಂದ ಕಾಸುಳ್ಳವನಿಗೆ ದಾಟಿರಬಹುದು. ಇದು ಊಹೆ, ಆದ್ರೆ ಕಾಲಿಗೆ ನೆಲ ಇರೋ ಊಹೆ.

ದೇಸಿಮಾತು: ರೋಮಾನಿ ಮೂಲ ಭಾರತವೇ! ಅಂದ್ರೆ ಸಂಸ್ಕೃತದ ‘ಪೋಷ’. ನಾನು ಆಗಲೇ ಹೇಳಿದ್ದೆ.

ಮೇಷ್ಟ್ರು: ರೋಮಾನಿ ನಮ್ಮ ಕಡೆಯ ಭಾಷೆ, ಸರಿ. ‘ಪೋಷ’ ಅಲ್ಲ. ಪೋಷಣೆಗೂ ಅರ್ಧಕ್ಕೂ ಏನ್ರೀ ನಂಟು?

ಕಾಫಿಪುಡಿ: ಹಾಗಾದ್ರೆ ಪಾಶ್ ಏರಿಯಾ ಅಂದ್ರೆ ಅರ್ಧಂಬರ್ಧ ಏರಿಯಾ 😀 ನಮ್ಮ ಬೀದಿಗೆ ಸರಿಯಾಗಿದೆ. ಬೋರ್ಡಲ್ಲಿ ಪಾಶ್, ನಲ್ಲೀಲಿ ನೀರಿಲ್ಲ.

ದೇಸಿಮಾತು: ಸಂಸ್ಕೃತ ಅಂದ್ರೆ ಕೆಲವರಿಗೆ ಹೊಟ್ಟೆಯುರಿ.

ಕಾಫಿಪುಡಿ: ನಿಮ್ಮ ಲೆಕ್ಕದಲ್ಲಿ ‘ಬಸ್ಸು’ ಕೂಡ ಭಸ್ಮದಿಂದಲೇ ಬಂದಿರಬೇಕು.

ಹೊಸಬೆಳಕು: ಸರ್, ಆಫೀಸಲ್ಲಿ ಪಾಶ್ ತರಬೇತಿ ಅಂತಾರಲ್ಲ?

ಮೇಷ್ಟ್ರು: ಅದು ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯ ತರಬೇತಿ. ‘ಪ್ರಿವೆನ್ಷನ್ ಆಫ್ ಸೆಕ್ಷುಯಲ್ ಹರಾಸ್‌ಮೆಂಟ್’ ಅನ್ನೋದರ ಚಿಕ್ಕ ರೂಪ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹೊಸಬೆಳಕು: ಲಂಡನ್ನಲ್ಲಿ ಬಾಸ್‌ಗೆ ‘ಯು ಆರ್ ಪಾಶ್’ ಅಂದ್ರೆ ಖುಷಿಪಡ್ತಾರಾ?

ಮೇಷ್ಟ್ರು: ಬೇಡ. ನಮ್ಮಲ್ಲಿ ಅದು ಹೊಗಳಿಕೆ. ಅಲ್ಲಿ ಅರ್ಧ ಕುಟುಕು: ಮೇಲ್ವರ್ಗದ ಮಾತು, ಮೇಲ್ವರ್ಗದ ಗತ್ತು ಅಂತ. ‘ನಾನು ಪಾಶ್’ ಅಂತ ಪಾಶ್ ಮಂದಿ ಹೇಳ್ಕೊಳ್ಳಲ್ಲ.

ಶುಭೋದಯ: ಸರ್, ಪಾಶ್ ಅಂದ್ರೆ ಹಡಗಿನ ಎಡಗಡೆ ಕೋಣೆಯಂತೆ, ಹೌದಾ?

ಮೇಷ್ಟ್ರು: ಮೇಲೆ ಓದಿ.

ಶುಭೋದಯ: ‘ನ್ಯೂಸ್’ ಅಂದ್ರೆ ನಾರ್ತ್ ಈಸ್ಟ್ ವೆಸ್ಟ್ ಸೌತ್ ಅನ್ನೋದಾದ್ರೂ ನಿಜ ತಾನೆ?

ಮೇಷ್ಟ್ರು: ಅಲ್ಲ! ಹೊಸದು, ಅಂದ್ರೆ ‘ನ್ಯೂ’, ಅದರ ಬಹುವಚನ. ಫಾರ್ವರ್ಡ್ ಮಾಡೋ ಮುಂಚೆ ಒಂದು ಸಲ ನಿಘಂಟು ತೆಗೀರಪ್ಪಾ.

ತುಂಗಾತೀರ: ಮನೆ ಬಾಡಿಗೆಗೆ ಬೋರ್ಡ್ ಬರೆಸ್ತಿದೀನಿ. ‘ಪಾಶ್’ ಹಾಕಿದ್ರೆ ಅಡ್ವಾನ್ಸ್ ಎಷ್ಟು ಕೇಳಬಹುದು ಸರ್?