ಸಹಾಯ ಬೇಕು: ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ತಿಂಗಳ ಕೊನೆ ತಾರೀಖಿನ ಕಂತಿನ ಲೆಕ್ಕ

ನಮಸ್ಕಾರ. ಕೋಲಾರದ ಹತ್ರ ಒಂದು ಹಾಲಿನ ಡೇರಿಯ ಹಸು ಸಾಲದ ಕಂತಿನ ಲೆಕ್ಕ ಇದು. ಸಾಲ ಕೊಟ್ಟಿದ್ದು 2024 ಜನವರಿ 31. ತಾರೀಖಿಗೆ ದಿನ, ತಿಂಗಳು ಕೂಡೋ ಡೇಟ್_ಆ್ಯಡ್ ಫಂಕ್ಷನ್‌ನಲ್ಲಿ ಒಂದು ತಿಂಗಳು ಕೂಡಿದ್ರೆ ಫೆಬ್ರವರಿ 29, ಸರಿ. ಅದಕ್ಕೇ ಇನ್ನೊಂದು ತಿಂಗಳು ಕೂಡಿದ್ರೆ ಮಾರ್ಚ್ 29 ಆಗ್ಬಿಡುತ್ತೆ, ಹಾಗಾಗಿ ಯಾವಾಗ್ಲೂ ಮೂಲ ತಾರೀಖಿಗೇ 1, 2, 3 ತಿಂಗಳು ಕೂಡ್ತೀವಿ.

ತೊಡಕಿರೋದು ಎಷ್ಟು ಕಂತು ಆಯ್ತು ಅಂತ ಎಣಿಸೋವಾಗ. ಎರಡು ತಾರೀಖಿನ ನಡುವೆ ಪೂರ್ತಿ ಎಷ್ಟು ತಿಂಗಳು ಅಂತ ಹೇಳೋ ಟೈಮ್‌ಸ್ಟ್ಯಾಂಪ್‌ಡಿಫ್, ಫೆಬ್ರವರಿ 29ಕ್ಕೆ ಸೊನ್ನೆ ತಿಂಗಳು ಅನ್ನುತ್ತೆ, ಅವತ್ತಿನ ಬಾಕಿ ಪಟ್ಟಿಯಲ್ಲಿ ಆ ರೈತರ ಹೆಸರೇ ಬರಲ್ಲ. ವರ್ಷ-ತಿಂಗಳಿನ ವ್ಯತ್ಯಾಸ ಮಾತ್ರ ಹೇಳೋ ಪೀರಿಯಡ್_ಡಿಫ್ ದಿನವನ್ನೇ ನೋಡಲ್ಲ, ಫೆಬ್ರವರಿ 1ಕ್ಕೇ ಒಂದು ಕಂತು ಅಂತ ಎಣಿಸುತ್ತೆ. ಕಳೆದ ದಿನಗಳನ್ನ 30ರಿಂದ ಭಾಗಿಸೋದಂತೂ ಬೇಡವೇ ಬೇಡ.

ಪೀರಿಯಡ್_ಡಿಫ್ ಕೊಟ್ಟಷ್ಟು ತಿಂಗಳನ್ನ ಮೂಲ ತಾರೀಖಿಗೆ ಕೂಡಿ, ಅದು ಇವತ್ತಿಗಿಂತ ಮುಂದಿದ್ರೆ ಒಂದು ಕಳೆದ್ರೆ ಸಾಕಾ? ಇಲ್ಲಾ, ಕಂತಿನ ತಾರೀಖುಗಳನ್ನ ಮೊದಲೇ ಬೇರೆ ಟೇಬಲ್‌ನಲ್ಲಿ ಹಾಕಿಡೋದೇ ಸರಿನಾ?