ಲಕ್ವದ ನಂತರ ಅಪ್ಪನ ಪಾದ ಏಳುತ್ತಿಲ್ಲ: ನರದ ಸ್ಟಿಮ್ಯುಲೇಟರ್ ಒಳಗೆ ಹಾಕಿಸುವುದು ಸರಿಯಾ?

ತೋಟದಮನೆ ಕೇಳಿದ್ದು:
ಅಪ್ಪನಿಗೆ ಲಕ್ವ ಹೊಡೆದು 14 ತಿಂಗಳಾಯಿತು. ಮಾತು ಬಂತು, ಕೈ ಅರ್ಧ ಬಂತು, ನಡೆಯುತ್ತಾರೆ ಕೂಡ. ಆದರೆ ಎಡ ಪಾದ ಮೇಲಕ್ಕೆ ಏಳುವುದಿಲ್ಲ. ಹೆಬ್ಬೆರಳು ನೆಲ ಕೆರೆಯುತ್ತದೆ, ಹೊಸ್ತಿಲು ಬಂದರೆ ಇಡೀ ಕಾಲನ್ನು ಸೊಂಟದಿಂದ ಸುತ್ತಿಸಿ ಆಚೆ ಇಡುತ್ತಾರೆ. ಪ್ಲಾಸ್ಟಿಕ್ ಸ್ಪ್ಲಿಂಟ್ ಇದೆ, ಶೂ ಒಳಗೆ ಚೆನ್ನಾಗಿಯೇ ಕೂರುತ್ತದೆ. ಮನೆಯೊಳಗೆ ಬರಿಗಾಲು, ಅಂಗಳ ದಾಟಿದರೆ ಅಡಿಕೆ ತೋಟದ ಇಳಿಜಾರು. ಅಲ್ಲಿ ಯಾರು ಶೂ ಹಾಕುತ್ತಾರೆ? ಕಳೆದ ವಾರ ಬಚ್ಚಲ ಬಾಗಿಲಲ್ಲಿ ಎಡವಿ ಬಿದ್ದರು.
ಪಾದ ಎತ್ತಿಸುವ ಯಂತ್ರವನ್ನು ಕಾಲಿನೊಳಗೇ ಕೂರಿಸುತ್ತಾರೆ ಎಂದು ಓದಿದೆ. ಸ್ವಿಟ್ಜರ್ಲೆಂಡಿನಲ್ಲಿ ಹಾಗೆ ನಡೆಸಿದ ವೀಡಿಯೊವನ್ನೂ ನೋಡಿದೆ. ಅಪ್ಪನಿಗೆ ಆಗುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಫಿಸಿಯೊ_ಹುಬ್ಬಳ್ಳಿ:
ಲಕ್ವದಲ್ಲಿ ಪೆಟ್ಟು ಬೀಳುವುದು ಮಿದುಳಿಗೆ. ಕಾಲಿನ ನರ, ಸ್ನಾಯು ಜೀವಂತವಾಗಿರುತ್ತವೆ, ಹಾಗಾಗಿ ಆಶೆ ಇದೆ. ಕುಷ್ಠದಲ್ಲೋ ಮಂಡಿ ಪಕ್ಕದ ಮೂಳೆ ಮುರಿದಾಗಲೋ ಆ ನರವೇ ಹಾಳಾಗಿ ಪಾದ ಬಿದ್ದಿದ್ದರೆ ಈ ಯಂತ್ರದಿಂದ ಪ್ರಯೋಜನವಿಲ್ಲ. ಮೀನಖಂಡ ಬಿಗಿದುಕೊಂಡಿದೆಯಾ ನೋಡಿಸಿ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ, ಫಿಟ್ಸ್ ಬರುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಸರ್ಕ್ಯೂಟ್‌ಭಟ್ಟ:
ಇಂಥ ಸಾಧನಗಳ ಸರ್ಕ್ಯೂಟ್ ಮಾಡುವ ಕೆಲಸದಲ್ಲಿ ಆರು ವರ್ಷದಿಂದ ಇದ್ದೇನೆ. ವೀಡಿಯೊದಲ್ಲಿ ನೀವು ನೋಡಿದ್ದು ಬಹುಶಃ ಲೊಸಾನ್‌ನ ಗ್ರೆಗೋರ್ ಕೂರ್ಟೀನ್, ಜೋಸ್ಲಿನ್ ಬ್ಲೋಕ್ ಅವರ ತಂಡದ್ದು. 2018ರಲ್ಲಿ ಅವರು ನಡೆಸಿ ತೋರಿಸಿದ್ದು ಬೆನ್ನುಹುರಿಗೆ ಏಟು ಬಿದ್ದವರನ್ನು. ಕರೆಂಟ್ ಕೊಟ್ಟಿದ್ದೂ ಬೆನ್ನುಹುರಿಗೇ. ನಿಮ್ಮ ತಂದೆಯವರ ವಿಷಯದಲ್ಲಿ ಮಂಡಿಯ ಹೊರಬದಿಯಲ್ಲಿ ಬಳಸಿ ಇಳಿಯುವ ಪೆರೋನಿಯಲ್ ನರ ಒಂದನ್ನು ಎಬ್ಬಿಸಿದರೆ ಸಾಕು.

1961ರಲ್ಲೇ ಅಮೆರಿಕದಲ್ಲಿ ಲಿಬರ್ಸನ್ ಶೂವಿನ ಹಿಮ್ಮಡಿಗೆ ಸ್ವಿಚ್ ಇಟ್ಟು ಇದನ್ನು ಮಾಡಿದ್ದರು. ಹಿಮ್ಮಡಿ ನೆಲ ಬಿಟ್ಟೊಡನೆ ನರಕ್ಕೆ ಕರೆಂಟ್, ನೆಲ ಮುಟ್ಟಿದೊಡನೆ ಬಂದ್. ಚರ್ಮದ ಮೇಲೆ ಪ್ಯಾಡ್ ಅಂಟಿಸಿದರೆ ಸಾಕು. ಆದರೆ ದಿನಾ ಜಾಗ ಹುಡುಕಬೇಕು. ಬೆರಳಗಲ ತಪ್ಪಿದರೆ ಪಾದ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಒಂದು ಕೈ ಸೋತವರು ಇದನ್ನು ಪ್ರತಿ ಬೆಳಿಗ್ಗೆ ಒಬ್ಬರೇ ಕಟ್ಟಿಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಒಳಗೆ ಹಾಕುವ ಯೋಚನೆ ಹುಟ್ಟಿದ್ದೇ ಅದಕ್ಕೆ. ಡೆನ್ಮಾರ್ಕಿನಲ್ಲಿ ರೂಪುಗೊಂಡ ಆಕ್ಟಿಗೇಟ್ ಎಂಬ ಸಾಧನ 4 ಚಾನೆಲ್‌ನದು (ಚಾನೆಲ್ ಅಂದರೆ ಬೇರೆಬೇರೆಯಾಗಿ ಹದ ಮಾಡಬಹುದಾದ ಕರೆಂಟ್ ದಾರಿ), ನರವನ್ನು ಪಟ್ಟಿಯಂತೆ ಸುತ್ತುತ್ತದೆ. ಸ್ಟಿಮುಸ್ಟೆಪ್ ಎಂಬ ಇನ್ನೊಂದಕ್ಕೆ 2 ಚಾನೆಲ್, ನರದ ಎರಡು ಕವಲಿಗೆ ಒಂದೊಂದು: ಒಂದು ಪಾದ ಎತ್ತಲು, ಇನ್ನೊಂದು ಹೊರಕ್ಕೆ ತಿರುಗಿಸಲು. ಎರಡನ್ನೂ ಹದವಾಗಿ ಕೊಟ್ಟರೆ ಪಾದ ನೇರವಾಗಿ ಏಳುತ್ತದೆ. ಒಳಗೆ ಬ್ಯಾಟರಿ ಇಲ್ಲ. ಚರ್ಮದ ಹೊರಗಿನ ಕಾಯಿಲ್‌ನಿಂದ (ತಂತಿ ಸುರುಳಿಯಿಂದ) ರೇಡಿಯೊ ತರಂಗದಲ್ಲಿ ಶಕ್ತಿ ಹೋಗುತ್ತದೆ. ಕಾಯಿಲ್ ಜಾಗ ಬಿಟ್ಟು ಸರಿದರೆ ಶಕ್ತಿ ಕುಸಿದು ಪಾದ ಮತ್ತೆ ಜೋಲುತ್ತದೆ. ನಮ್ಮ ತಿಂಗಳುಗಟ್ಟಲೆ ಕೆಲಸ ಇದೊಂದರಲ್ಲೇ ಕಳೆಯಿತು.

ಹಿಮ್ಮಡಿ ಸ್ವಿಚ್‌ಗೂ ಶೂ ಬೇಕಲ್ಲ ಎಂಬುದು ಬಹುದಿನದಿಂದ ನನ್ನನ್ನು ಕಾಡುತ್ತಿದೆ. ನಮ್ಮ ಮನೆಗಳಲ್ಲಿ ಬೀಳುವುದೇ ಬರಿಗಾಲಿನಲ್ಲಿ. ಹೊರಗೆ ಕಟ್ಟುವ ವಾಕ್‌ಏಡ್‌ನಲ್ಲಿ ಕಾಲು ಎಷ್ಟು ವಾಲಿದೆ ಎಂದು ಅಳೆಯುವ ಸೆನ್ಸರ್ ಇದೆ, ಅದಕ್ಕೆ ಶೂ ಬೇಡ. ಮೊದಲು ಪ್ಯಾಡ್ ಹಾಕಿ ಪಾದ ಏಳುತ್ತದಾ ನೋಡಿ. ಅಲ್ಲಿಯವರೆಗೆ ಆಪರೇಷನ್ ಮಾತು ಬೇಡ.

ತೋಟದಮನೆ (ಎರಡು ವಾರದ ಮೇಲೆ):
ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ಫಿಸಿಯೊ ಹತ್ತಿರ ಪ್ಯಾಡ್ ಹಾಕಿಸಿ ನೋಡಿದೆವು. ಮೊದಲ ಸಲ ಪಾದ ಎದ್ದು ಒಳಕ್ಕೆ ತಿರುಗಿತು, ನೀವು ಹೇಳಿದಂತೆಯೇ. ಪ್ಯಾಡನ್ನು ಸ್ವಲ್ಪ ಸರಿಸಿ ಹಾಕಿದಾಗ ನೇರವಾಯಿತು. ಅಪ್ಪ ಏನೂ ಮಾತಾಡಲಿಲ್ಲ, ಕಾಲನ್ನೇ ನೋಡುತ್ತಾ ಕೋಣೆಯಲ್ಲಿ ಮೂರು ಸುತ್ತು ಹಾಕಿದರು. ಮೀನಖಂಡ ಸ್ವಲ್ಪ ಬಿಗಿ ಇದೆಯಂತೆ, ಹಿಗ್ಗಿಸುವ ವ್ಯಾಯಾಮ ಕೊಟ್ಟಿದ್ದಾರೆ. ಸೋಮವಾರ ಮತ್ತೆ ಹೋಗುತ್ತೇವೆ. ಈ ಸಲ ಬರಿಗಾಲಲ್ಲೇ ನಡೆಸಿ ನೋಡಿ ಎಂದು ಕೇಳುತ್ತೇನೆ.