ಅಪ್‌ಡೇಟ್: ಹಳೇ ಕ್ಯಾನನ್ 85 ಎಂಎಂ ಎಫ್/1.2 ಆಟೋಫೋಕಸ್ ವಿಚಾರ

ಸೆಕೆಂಡ್ ಹ್ಯಾಂಡ್ ಕ್ಯಾನನ್ 85 ಎಂಎಂ ಎಫ್/1.2 ಲೆನ್ಸ್ ತಗೊಂಡಿದೀನಿ (2006ರ ಎರಡನೇ ಆವೃತ್ತಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಶಾರ್ಪ್ ಆಗಿ ಸಿಗೋ ಆಳ ಕಡಿಮೆ), ಆಟೋಫೋಕಸ್ ತೀರಾ ನಿಧಾನ, ಮೋಟರ್ ಹೋಗಿದೆಯಾ ಅಂತ ಕೇಳಿದ್ದೆನಲ್ಲ? ಮೋಟರ್ ಚೆನ್ನಾಗಿಯೇ ಇದೆ. ಈ ಲೆನ್ಸ್ ಇರೋದೇ ಹಾಗೆ. ತೂಕವೇ ಒಂದು ಕೆಜಿ ದಾಟುತ್ತೆ, ಅದರಲ್ಲಿ ಬಹುಪಾಲು ಗಾಜನ್ನು ಆ ಮೋಟರ್ ಹಿಂದೆ ಮುಂದೆ ತಳ್ಳಬೇಕು.

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಗೆಳೆಯನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗೆ ಅಡಾಪ್ಟರ್ ಮೂಲಕ ಇದೇ ಲೆನ್ಸ್ ಹಾಕಿ ನೋಡಿದೆ. ವೇಗದಲ್ಲಿ ಅಂಥ ವ್ಯತ್ಯಾಸವೇನಿಲ್ಲ, ಆದರೆ ಗುರಿ ತಪ್ಪೋದು ನಿಂತಿತು. ನನ್ನ ಡಿಎಸ್‌ಎಲ್‌ಆರ್‌ನಲ್ಲಿ (ಕನ್ನಡಿ ಇರೋ ಕ್ಯಾಮೆರಾ) ಕಣ್ಣಿಗಿಟ್ಟ ಫೋಕಸ್ ಹೋಗಿ ಕಿವಿಯೋಲೆ ಮೇಲೆ ಕೂರ್ತಿತ್ತು. ಎರಡು ಮೀಟರ್ ದೂರದಲ್ಲಿ ಎಫ್/1.2ಗೆ ಶಾರ್ಪ್ ಆಗಿ ಸಿಗೋದೇ ಸುಮಾರು 4 ಸೆಂ.ಮೀ. ಆಳ! ಮಿರರ್‌ಲೆಸ್‌ನಲ್ಲಿ ಸೆನ್ಸರೇ ನೇರವಾಗಿ ನೋಡಿ ಫೋಕಸ್ ಮಾಡುತ್ತೆ, ರೆಪ್ಪೆಗೂದಲು ಎಣಿಸಬಹುದು.

ಓಡಾಡೋ ಮಕ್ಕಳ ಫೋಟೊಗೆ ಇದು ಆಗಲ್ಲ ಬಿಡಿ, ಅದಕ್ಕೆ ಎಫ್/1.8 ಲೆನ್ಸೇ ಸಾಕು. ಕೂತವರ ಪೋರ್ಟ್ರೇಟ್‌ಗೆ ಇಟ್ಕೊಳ್ತೀನಿ, ಮಾರಲ್ಲ.

ಇನ್ನೊಂದು ವಿಷಯ: ಮ್ಯಾನ್ಯುಯಲ್ ರಿಂಗ್ (ಕೈಯಿಂದ ತಿರುಗಿಸಿ ಫೋಕಸ್ ಮಾಡೋದು) ಕೂಡ ಮೋಟರ್ ಮೂಲಕವೇ ಕೆಲಸ ಮಾಡೋದು. ಕ್ಯಾಮೆರಾ ಆಫ್ ಇದ್ದಾಗ ಎಷ್ಟು ತಿರುಗಿಸಿದರೂ ಗಾಜು ಅಲ್ಲಾಡಲ್ಲ. ಹಾಗಾಗಿ ಕ್ಯಾಮೆರಾ ಆನ್ ಇರುವಾಗಲೇ ಫೋಕಸ್ ಇನ್ಫಿನಿಟಿಗೆ (ಅತಿ ದೂರಕ್ಕೆ) ತಂದು ಆಮೇಲೆ ಲೆನ್ಸ್ ಬಿಚ್ಚಿ, ಇಲ್ಲಾಂದ್ರೆ ಅದರ ಮೂತಿ ಹೊರಗೇ ಉಳಿಯುತ್ತೆ.